ಸೋತರೆ ಏನಾಗುತ್ತದೆ ಅಂತ ಮಗಳಿಗೆ ಗೊತ್ತಿದೆ

(ಪ್ರೌಢಶಾಲೆಯ ಪೋಷಕರ ಸಭೆಯಲ್ಲಿ ಆಡಿದ ಮಾತುಗಳಿವು. ಬರಲಾಗದ ಕೆಲವರು ಕೇಳಿದರು, ಅದಕ್ಕೆ ಬರೆದಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹೊಲದ ಕೆಲಸ ಬಿಟ್ಟು, ಒಂದು ಹೊತ್ತಿನ ಕೂಲಿ ಬಿಟ್ಟು ಬಂದಿದ್ದೀರಿ. ನೇರವಾಗಿ ವಿಷಯಕ್ಕೆ ಬರುತ್ತೇನೆ.

ನಾನು ಪಿಟಿ ಟೀಚರ್. ತಾಯಂದಿರು ನನ್ನ ಹತ್ತಿರ ಬಂದು ಜಾಸ್ತಿ ಹೇಳುವ ಮಾತು ಒಂದಿದೆ. "ಮೇಡಂ, ನಮ್ ಹುಡುಗಿಗೆ ಧೈರ್ಯ ಸಾಲದು. ನಾಲ್ಕು ಜನರ ಮುಂದೆ ಬಾಯೇ ಬಿಡಲ್ಲ. ನೀವಾದರೂ ಸ್ವಲ್ಪ ಧೈರ್ಯ ತುಂಬಿ." ಇದನ್ನು ಕೇಳಿದಾಗಲೆಲ್ಲ ನನಗೆ ಒಂದು ಪ್ರಶ್ನೆ ಕೇಳಬೇಕು ಅನ್ನಿಸುತ್ತದೆ. ಇವತ್ತು ಎಲ್ಲರನ್ನೂ ಒಟ್ಟಿಗೆ ಕೇಳುತ್ತಿದ್ದೇನೆ. ನಿಮ್ಮ ಮಗಳು ಏನಾದರೂ ಒಂದರಲ್ಲಿ ಸೋತರೆ, ಮನೆಯಲ್ಲಿ ಏನಾಗುತ್ತದೆ?

ಸುಮ್ನೆ ಕೇಳುತ್ತಿಲ್ಲ. ನೆನಪು ಮಾಡಿಕೊಂಡು ನೋಡಿ.

2024ರ ಎಸ್‌ಎಸ್‌ಎಲ್‌ಸಿ ಫಲಿತಾಂಶ ತೆಗೆದುಕೊಳ್ಳೋಣ. ಆ ವರ್ಷ ನಮ್ಮ ರಾಜ್ಯದಲ್ಲಿ ಪಾಸಾದ ಹುಡುಗಿಯರು ಶೇ 81.11, ಹುಡುಗರು ಶೇ 65.90. ಪ್ರತಿ ವರ್ಷ ಪೇಪರಿನಲ್ಲಿ "ಬಾಲಕಿಯರೇ ಮೇಲುಗೈ" ಅಂತ ಬರುತ್ತದೆ, ನಾವೂ ಓದಿ ಖುಷಿಪಡುತ್ತೇವೆ. ಇಷ್ಟು ಚೆನ್ನಾಗಿ ಓದುವ ಹುಡುಗಿಯರೇ ಮುಂದೆ ಪಿಯುಸಿಯಲ್ಲಿ ಸೈನ್ಸ್ ತೆಗೆದುಕೋ ಅಂದರೆ "ನನ್ ಕೈಲಿ ಆಗಲ್ಲ ಮಿಸ್" ಅನ್ನುತ್ತಾರೆ. 90 ಬಂದವಳೂ ಅನ್ನುತ್ತಾಳೆ. 50 ಬಂದ ಹುಡುಗ ಮಾತ್ರ "ನೋಡೋಣ ಬಿಡಿ ಮಿಸ್, ಆದ್ರೆ ಆಯ್ತು" ಅಂತ ಹೋಗಿ ಸೇರಿಕೊಳ್ಳುತ್ತಾನೆ.

ಹುಡುಗಿಯ ಸ್ವಭಾವವೇ ಹಾಗೆ, ಹೆದರಿಕೆ ಜಾಸ್ತಿ ಅಂತ ನಾವು ಸುಲಭವಾಗಿ ಹೇಳಿಬಿಡುತ್ತೇವೆ. ನನಗೆ ಹಾಗೆ ಕಾಣುವುದಿಲ್ಲ. ಅವಳು ಲೆಕ್ಕ ಹಾಕಿದ್ದಾಳೆ. ಅಣ್ಣ ಫೇಲಾದರೆ ಟ್ಯೂಷನ್ನಿಗೆ ಹಾಕುತ್ತಾರೆ, ಇಲ್ಲ ಐಟಿಐಗೆ ಕಳಿಸುತ್ತಾರೆ, ಅದೂ ಆಗದಿದ್ದರೆ ಅಪ್ಪನ ಜೊತೆ ಕೆಲಸಕ್ಕೆ ಹೋಗುತ್ತಾನೆ, ಮುಂದಿನ ವರ್ಷ ಮತ್ತೆ ಕಟ್ಟುತ್ತಾನೆ. ತಾನು ಫೇಲಾದರೆ? "ಸಾಕು ಓದಿದ್ದು, ಮನೇಲಿರು." ಆಮೇಲೆ ಸೋದರಮಾವನ ಕಡೆಯವರೋ ಇನ್ಯಾರೋ ಹುಡುಗನ ಫೋಟೋ ತೋರಿಸುತ್ತಾರೆ. ಇದು ಅವಳಿಗೆ ಎಂಟನೇ ಕ್ಲಾಸಿನಲ್ಲೇ ಗೊತ್ತು. ಪಕ್ಕದ ಮನೆ ಅಕ್ಕನಿಗೆ ಆಗಿದ್ದನ್ನು ನೋಡಿದ್ದಾಳೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 20ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ ಶೇ 21.3 ಜನ ತಮಗೆ 18 ತುಂಬುವ ಮೊದಲೇ ಮದುವೆಯಾಯಿತು ಅಂದಿದ್ದಾರೆ. ಅಂದರೆ ಐವರಲ್ಲಿ ಒಬ್ಬಳು. ಒಂದು ಬೆಂಚಿನಲ್ಲಿ ಐದು ಹುಡುಗಿಯರು ಕೂರುತ್ತಾರೆ ಅಲ್ವಾ, ಆ ಬೆಂಚನ್ನು ಕಣ್ಣ ಮುಂದೆ ತಂದುಕೊಳ್ಳಿ.

ಒಬ್ಬನಿಗೆ ಸೋಲು ಅಂದರೆ ಒಂದು ವರ್ಷ ಹೋಯಿತು ಅಂತ. ಇನ್ನೊಬ್ಬಳಿಗೆ ಸೋಲು ಅಂದರೆ ದಾರಿಯೇ ಮುಚ್ಚಿತು ಅಂತ. ಇಬ್ಬರಲ್ಲಿ ಯಾರು ಕಷ್ಟದ ಕೆಲಸಕ್ಕೆ ಕೈ ಹಾಕುತ್ತಾರೆ, ಯಾರು ಗೊತ್ತಿರುವುದನ್ನೇ ಮಾಡಿ ತೆಪ್ಪಗಿರುತ್ತಾರೆ, ನೀವೇ ಹೇಳಿ. ಅದಕ್ಕೇ ನಾನು ಹೇಳುವುದು ಇಷ್ಟು. ಧೈರ್ಯವನ್ನು ಭಾಷಣ ಮಾಡಿ ತುಂಬಲು ಆಗುವುದಿಲ್ಲ. ಸೋತರೂ ತನಗೆ ಇನ್ನೊಂದು ಅವಕಾಶ ಇದೆ ಅಂತ ಹುಡುಗಿಗೆ ಮೊದಲೇ ಗೊತ್ತಿರಬೇಕು. ಆಗ ಅವಳೇ ಕೈ ಹಾಕುತ್ತಾಳೆ. ಕೈ ಹಾಕಿ, ಬಿದ್ದು, ಮತ್ತೆ ಎದ್ದ ಮೇಲೆ ಧೈರ್ಯ ಬರುತ್ತದೆ. ಮೊದಲು ಧೈರ್ಯ ಬರಲಿ ಆಮೇಲೆ ಕಳಿಸೋಣ ಅಂತ ಕಾದರೆ ಅದು ಬರುವುದೇ ಇಲ್ಲ.

ಇದು ಯಾವಾಗ ಶುರುವಾಗುತ್ತದೆ ಅಂದುಕೊಂಡಿದ್ದೀರಿ? ಹೈಸ್ಕೂಲಿಗೆ ಬಂದ ಮೇಲೆ ಅಲ್ಲ. ಅಮೆರಿಕದ ನ್ಯೂಯಾರ್ಕಿನಲ್ಲಿ ಕೆಲವು ಸಂಶೋಧಕರು 11 ತಿಂಗಳ ಕೂಸುಗಳನ್ನು ಇಟ್ಟುಕೊಂಡು ಒಂದು ಪರೀಕ್ಷೆ ಮಾಡಿದರು. 2000ದಲ್ಲಿ ಪ್ರಕಟವಾಯಿತು. ಒಂದು ಇಳಿಜಾರು ಹಲಗೆ. ಅದನ್ನು ಎಷ್ಟು ಬೇಕಾದರೂ ಓರೆ ಮಾಡಬಹುದು. ಮೊದಲು ತಾಯಂದಿರನ್ನು ಕೇಳಿದರು, ನಿಮ್ಮ ಮಗು ಎಷ್ಟು ಇಳಿಜಾರಿನಲ್ಲಿ ಅಂಬೆಗಾಲಿಟ್ಟು ಇಳಿಯಬಹುದು, ತೋರಿಸಿ ಅಂತ. ಗಂಡುಮಗುವಿನ ತಾಯಂದಿರು ಜಾಸ್ತಿ ಓರೆ ಇಟ್ಟರು, ಹೆಣ್ಣುಮಗುವಿನ ತಾಯಂದಿರು ಕಮ್ಮಿ ಇಟ್ಟರು. ಆಮೇಲೆ ಮಕ್ಕಳನ್ನು ಬಿಟ್ಟು ನೋಡಿದರೆ ಇಬ್ಬರೂ ಒಂದೇ. ಗಂಡು ಹೆಣ್ಣು ಅಂತ ವ್ಯತ್ಯಾಸವೇ ಇಲ್ಲ. ಇನ್ನೂ ನಡೆಯಲೂ ಬಾರದ ಮಗು ಅದು! ಆಗಲೇ ಅದರ ಅಳತೆಯನ್ನು ನಾವು ಚಿಕ್ಕದು ಮಾಡಿ ಇಟ್ಟಿರುತ್ತೇವೆ. ಹೆತ್ತ ತಾಯಿ, ಪ್ರೀತಿಯಿಂದಲೇ ಮಾಡಿರುತ್ತಾಳೆ. ಅದೇ ಯೋಚಿಸಬೇಕಾದ ವಿಷಯ.

ನಮ್ಮಲ್ಲಿ ಈ ಹಲಗೆ ಬೇಡ, ಊರ ಜಗುಲಿ ಸಾಕು. ಹುಡುಗ ಹುಣಸೆ ಮರ ಹತ್ತಿದರೆ "ಹುಷಾರು ಕಣೋ" ಅನ್ನುತ್ತೇವೆ, ಮಾತು ಮುಗಿಸಿ ಕೆಲಸ ನೋಡುತ್ತೇವೆ. ಹುಡುಗಿ ಹತ್ತಿದರೆ ಎದ್ದು ಹೋಗಿ ಇಳಿಸುತ್ತೇವೆ. "ಕೈಕಾಲು ಮುರಿದುಕೊಂಡರೆ ನಾಳೆ ಯಾರು ಕಟ್ಟಿಕೊಳ್ತಾರೆ" ಅನ್ನುವ ಅಜ್ಜಿ ಪ್ರತಿ ಬೀದಿಯಲ್ಲೂ ಇರುತ್ತಾರೆ.

ಇನ್ನೊಂದು, ನಾವು ಹೊಗಳುವ ರೀತಿ. ಟೀಚರುಗಳಾದ ನಮಗೂ ಸೇರಿಸಿ ಹೇಳುತ್ತಿದ್ದೇನೆ. "ಜಾಣೆ", "ಒಂದು ತಪ್ಪೂ ಇಲ್ಲ ನೋಡು", "ಎಷ್ಟು ನೀಟಾಗಿ ಬರೀತಾಳೆ". ಕೇಳಲು ಚಂದ. ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1998ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಐದನೇ ಕ್ಲಾಸಿನ ಮಕ್ಕಳಿಗೆ ಸುಲಭದ ಲೆಕ್ಕಗಳಂಥ ಒಗಟು ಕೊಟ್ಟರು. ಮುಗಿಸಿದ ಮೇಲೆ ಕೆಲವರಿಗೆ "ನೀನು ತುಂಬಾ ಬುದ್ಧಿವಂತ" ಅಂದರು, ಕೆಲವರಿಗೆ "ಚೆನ್ನಾಗಿ ಕಷ್ಟಪಟ್ಟೆ" ಅಂದರು. ಅಷ್ಟೇ, ಒಂದೇ ಒಂದು ವಾಕ್ಯ. ಮುಂದೆ ಯಾವ ಒಗಟು ಬೇಕು ಅಂತ ಕೇಳಿದಾಗ, ಬುದ್ಧಿವಂತ ಅನ್ನಿಸಿಕೊಂಡವರಲ್ಲಿ ಹೆಚ್ಚಿನವರು ಸುಲಭದ್ದನ್ನೇ ಕೇಳಿದರು. ಕಷ್ಟಪಟ್ಟೆ ಅನ್ನಿಸಿಕೊಂಡವರು ಹೊಸದನ್ನು ಕಲಿಸುವಂಥದ್ದನ್ನು ಕೇಳಿದರು. ಆಮೇಲೆ ಎಲ್ಲರಿಗೂ ತುಂಬಾ ಕಠಿಣದ್ದು ಕೊಟ್ಟು ಸೋಲಿಸಿ, ಮತ್ತೆ ಮೊದಲಿನಷ್ಟೇ ಸುಲಭದ್ದು ಕೊಟ್ಟರೆ, ಬುದ್ಧಿವಂತ ಅನ್ನಿಸಿಕೊಂಡವರು ಮೊದಲಿಗಿಂತ ಕಮ್ಮಿ ಬಿಡಿಸಿದರು. ಆ ಹೆಸರು ಎಲ್ಲಿ ಹೋಗುತ್ತದೋ ಅನ್ನುವ ಭಯ.

ಇದು ಹುಡುಗ ಹುಡುಗಿ ಇಬ್ಬರಿಗೂ ಅನ್ವಯಿಸುತ್ತದೆ. ಆದರೆ ಹುಡುಗಿಯರಿಗೆ ಇದರ ಮೇಲೆ ಇನ್ನೊಂದು ಪೆಟ್ಟು ಬೀಳುತ್ತದೆ. 2017ರಲ್ಲಿ ಬಂದ ಮತ್ತೊಂದು ಅಧ್ಯಯನ, ಅದೂ ಅಮೆರಿಕದ್ದೇ, ಐದು, ಆರು, ಏಳು ವರ್ಷದ ಮಕ್ಕಳನ್ನು ನೋಡಿತು. "ತುಂಬಾ ತುಂಬಾ ಬುದ್ಧಿವಂತರು ಯಾರು, ಗಂಡೋ ಹೆಣ್ಣೋ" ಅಂದರೆ ಐದು ವರ್ಷದ ಹುಡುಗಿಯರು ಹೆಣ್ಣು ಅನ್ನುತ್ತಾರೆ, ಹುಡುಗರು ಗಂಡು ಅನ್ನುತ್ತಾರೆ, ಸಮಸಮ. ಆರಕ್ಕೆ ಬರುವಷ್ಟರಲ್ಲಿ ಹುಡುಗಿಯರು ತಮ್ಮ ಕಡೆಯವರನ್ನು ಕೈಬಿಡಲು ಶುರು ಮಾಡುತ್ತಾರೆ. ಒಂದನೇ ಕ್ಲಾಸು!

ಇದರ ಗುರುತು ನಮ್ಮ ಶಾಲೆಯಲ್ಲಿ ದಿನಾ ಕಾಣುತ್ತದೆ. ಒಂದು ಅಕ್ಷರ ತಪ್ಪಾಯಿತು ಅಂತ ಇಡೀ ಹಾಳೆ ಹರಿದು ಮತ್ತೆ ಬರೆಯುವವಳು ಹುಡುಗಿ. ಮೇಷ್ಟ್ರು ಪ್ರಶ್ನೆ ಕೇಳಿದಾಗ ಉತ್ತರ ಗೊತ್ತಿದ್ದೂ ಪಕ್ಕದವಳ ಕಿವಿಯಲ್ಲಿ ಹೇಳಿ, ತಾನು ತಲೆ ತಗ್ಗಿಸಿ ಕೂರುವವಳು ಹುಡುಗಿ. ಹುಡುಗ ಬೋರ್ಡಿಗೆ ಹೋಗಿ ತಪ್ಪು ಬರೆದು, ಎಲ್ಲರೂ ನಕ್ಕರೆ ತಾನೂ ನಕ್ಕು ಬಂದು ಕೂರುತ್ತಾನೆ. ಆ ನಗು ಇದೆಯಲ್ಲ, ಅದನ್ನು ಹುಡುಗಿಯರಿಗೂ ಕೊಡಿಸಬೇಕು ಅಂತ ನನಗೆ ಬಹಳ ಆಸೆ.

ಎಲ್ಲಿ ಕೊಡಿಸುವುದು? ಸೋಲು ಅಗ್ಗವಾಗಿರುವ ಜಾಗದಲ್ಲಿ. ನನಗೆ ಗೊತ್ತಿರುವ ಅಂಥ ಜಾಗ ಖೋ-ಖೋ ಅಂಗಳ.

ಖೋ-ಖೋ ಎಲ್ಲರೂ ಆಡಿದ್ದೀರಿ. ಓಡುವವರು ಮೂರು ಮೂರು ಜನ ಒಳಗೆ ಬರುತ್ತಾರೆ. ಔಟಾದವಳು ಹೊರಗೆ ಬಂದು ಕೂರುತ್ತಾಳೆ, ಸ್ವಲ್ಪ ಹೊತ್ತಿಗೆ ಅವಳೇ ಅಟ್ಟಿಸಿಕೊಂಡು ಹೋಗುವ ಕಡೆ ಇರುತ್ತಾಳೆ. ತಪ್ಪು ಖೋ ಕೊಟ್ಟರೆ ಫೌಲ್, ಸೀಟಿ ಊದುತ್ತಾರೆ, ಆಟ ಮುಂದೆ ಹೋಗುತ್ತದೆ. ಬೆರಳ ತುದಿಯಲ್ಲಿ ತಪ್ಪಿಸಿಕೊಂಡು ಹೋದವಳನ್ನು ನೆನೆಸಿಕೊಂಡು ಅಳುತ್ತಾ ನಿಲ್ಲಲು ಅಲ್ಲಿ ಸಮಯವೇ ಇಲ್ಲ. ಒಂದು ಪಂದ್ಯದಲ್ಲಿ ಒಬ್ಬ ಹುಡುಗಿ ಎಷ್ಟು ಸಲ ತಪ್ಪುತ್ತಾಳೆ ಅಂತ ಯಾರೂ ಎಣಿಸುವುದಿಲ್ಲ, ಅವಳೂ ಎಣಿಸುವುದಿಲ್ಲ. ಇಂಥ ಅಭ್ಯಾಸ ಬೇರೆ ಯಾವ ತರಗತಿಯಲ್ಲಿ ಸಿಗುತ್ತದೆ ಹೇಳಿ.

2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ-ಖೋ ವಿಶ್ವಕಪ್ ನಡೆಯಿತು. ಭಾರತದ ಹುಡುಗಿಯರು ಫೈನಲ್‌ನಲ್ಲಿ ನೇಪಾಳವನ್ನು 78–40ರಿಂದ ಸೋಲಿಸಿದರು. ಆ ತಂಡದಲ್ಲಿದ್ದ ಬಿ. ಚೈತ್ರಾ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನವರು. ಹಳ್ಳಿ ಹುಡುಗಿ, ರೈತರ ಮನೆ. ಎಲ್ಲರೂ ವಿಶ್ವಕಪ್ ಆಡಲಿ ಅಂತ ನಾನು ಹೇಳುತ್ತಿಲ್ಲ. ನನಗೆ ಅದು ಬೇಕಾಗಿಯೂ ಇಲ್ಲ. ಹೋಬಳಿ ಮಟ್ಟದಲ್ಲಿ ಮೊದಲ ಸುತ್ತಿಗೇ ಸೋತು ಬಂದ ಹುಡುಗಿಯೂ ಮಾರನೆಯ ದಿನ ಅಂಗಳಕ್ಕೆ ಬರಲಿ, ಸಾಕು.

ಆದರೆ ಏನಾಗುತ್ತದೆ? ಎಂಟು, ಒಂಬತ್ತಕ್ಕೆ ಬರುವಷ್ಟರಲ್ಲಿ ಹುಡುಗಿಯರು ಅಂಗಳದಿಂದ ಒಬ್ಬೊಬ್ಬರಾಗಿ ಕಾಣೆಯಾಗುತ್ತಾರೆ. "ದೊಡ್ಡವಳಾಗಿದ್ದಾಳೆ ಮೇಡಂ, ಇನ್ನು ಆಟ ಬೇಡ." ಕೆಲವರಿಗೆ ಟ್ರ್ಯಾಕ್ ಪ್ಯಾಂಟ್ ಹಾಕಲು ಮನೆಯಲ್ಲಿ ಬಿಡುವುದಿಲ್ಲ. ಕೆಲವು ಶಾಲೆಗಳಲ್ಲಿ ನೀರಿರುವ ಟಾಯ್ಲೆಟ್ ಇಲ್ಲ, ಮುಟ್ಟಿನ ದಿನ ಪ್ಯಾಡ್ ಬದಲಿಸಲು ಜಾಗ ಇಲ್ಲ. ಹುಡುಗಿಗೆ ಆತ್ಮವಿಶ್ವಾಸ ಕಮ್ಮಿ ಅನ್ನುವ ಮೊದಲು ಆ ಟಾಯ್ಲೆಟ್ಟಿನ ಬಾಗಿಲಿಗೆ ಚಿಲಕ ಇದೆಯಾ ಅಂತ ನೋಡೋಣ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಗೆ ಬರುವ ಅಪ್ಪಂದಿರು ಇದನ್ನು ಕೇಳಿ, ದಯವಿಟ್ಟು. ತಾಯಂದಿರು ಕೇಳಲು ನಾಚಿಕೊಳ್ಳುತ್ತಾರೆ.

ಸೈಕಲ್ ವಿಷಯಕ್ಕೂ ಬರುತ್ತೇನೆ. ನಮ್ಮ ಸರ್ಕಾರ 2006–07ರಲ್ಲಿ ಎಂಟನೇ ಕ್ಲಾಸಿಗೆ ಬರುವ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತು, ಕೋವಿಡ್ ಬಂದಾಗ ಅದು ನಿಂತುಹೋಯಿತು. ಅದೇ 2006ರಲ್ಲಿ ಬಿಹಾರದಲ್ಲೂ ಒಂಬತ್ತನೇ ಕ್ಲಾಸಿಗೆ ಸೇರುವ ಹುಡುಗಿಯರಿಗೆ ಸೈಕಲ್ ಕೊಳ್ಳಲು ದುಡ್ಡು ಕೊಟ್ಟರು. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಅದರ ಪರಿಣಾಮ ಅಳೆದರು. ಹೈಸ್ಕೂಲು ಸೇರುವ ಹುಡುಗಿಯರ ಪ್ರಮಾಣ ಶೇ 32ರಷ್ಟು ಏರಿತ್ತು, ಹುಡುಗ ಹುಡುಗಿಯರ ನಡುವಿನ ಅಂತರ ಶೇ 40ರಷ್ಟು ಇಳಿದಿತ್ತು. ಶಾಲೆ ದೂರ ಇದ್ದ ಹಳ್ಳಿಗಳಲ್ಲಿ ಲಾಭ ಜಾಸ್ತಿ. ಅದಕ್ಕೂ ಮೊದಲು, 90ರ ದಶಕದ ಶುರುವಿನಲ್ಲಿ, ತಮಿಳುನಾಡಿನ ಪುದುಕೋಟ್ಟೈ ಜಿಲ್ಲೆಯಲ್ಲಿ ಶೀಲಾ ರಾಣಿ ಚುಂಕತ್ ಕಲೆಕ್ಟರ್ ಆಗಿದ್ದಾಗ ಸಾಕ್ಷರತಾ ಆಂದೋಲನದ ಜೊತೆಗೇ ಹೆಂಗಸರಿಗೆ ಸೈಕಲ್ ಕಲಿಸಿದರು. ಸಾವಿರಾರು ಹೆಂಗಸರು ಕಲಿತರು. ಕಲ್ಲು ಕ್ವಾರಿಯ ಕೆಲಸದವರು, ಅಂಗನವಾಡಿಯವರು, ಹೊಲದ ಕೂಲಿಯವರು. ಅಕ್ಷರ ಕಲಿಸುವಾಗ ಸೈಕಲ್ ಯಾಕೆ ಅನ್ನಿಸಬಹುದು. ಸೈಕಲ್ ಕಲಿಯುವವಳು ನಡುಬೀದಿಯಲ್ಲಿ ಎಲ್ಲರ ಎದುರು ಬೀಳಬೇಕು. ಬಿದ್ದು ಎದ್ದು ಕೊನೆಗೆ ಯಾರ ಕೈಯೂ ಹಿಂದೆ ಹಿಡಿದಿಲ್ಲದೆ ಹೋಗುತ್ತಾಳಲ್ಲ, ಅಷ್ಟು ಹೊತ್ತಿಗೆ ಬೀದಿಯ ಜನ ನಗುತ್ತಾರೆ ಅನ್ನುವ ಭಯ ಅರ್ಧ ಸತ್ತಿರುತ್ತದೆ.

ಹಾಗಾದರೆ ಮನೆಯಲ್ಲಿ ಏನು ಮಾಡಬೇಕು? ನಾನು ಮಾಡಿ ನೋಡಿದ್ದು, ಬೇರೆ ಮನೆಗಳಲ್ಲಿ ಕಂಡಿದ್ದು ಹೇಳುತ್ತೇನೆ.

ಅವಳ ಅಳತೆಗಿಂತ ಸ್ವಲ್ಪ ದೊಡ್ಡ ಕೆಲಸ ಕೊಡಿ. ತುಂಬಾ ದೊಡ್ಡದು ಬೇಡ. ಬ್ಯಾಂಕಿಗೆ ಹೋಗಿ ಚಲನ್ ತುಂಬಿ ದುಡ್ಡು ಕಟ್ಟಿ ಬರಲಿ. ಪಾಸ್‌ಬುಕ್ ಎಂಟ್ರಿ ಮಾಡಿಸಲಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸು ಹೆಣ್ಣುಮಕ್ಕಳಿಗೆ ಫ್ರೀ ಇದೆ, ಹತ್ತನೇ ಕ್ಲಾಸಿನ ಹುಡುಗಿ ಗೆಳತಿಯ ಜೊತೆ ಹಗಲು ಹೊತ್ತು ತಾಲ್ಲೂಕಿಗೆ ಹೋಗಿ, ತನ್ನ ಜಾತಿ-ಆದಾಯ ಪ್ರಮಾಣಪತ್ರಕ್ಕೆ ತಾನೇ ಅರ್ಜಿ ಹಾಕಿ ಬರಬಹುದು. ಕೌಂಟರಿನಲ್ಲಿ ಯಾರೋ ಗದರುತ್ತಾರೆ, ಒಂದು ಕಾಗದ ಇಲ್ಲ ಅಂತ ವಾಪಸ್ ಕಳಿಸುತ್ತಾರೆ. ಕಳಿಸಲಿ! ಮನೆಗೆ ಬಂದು ಹೇಳಿದಾಗ "ಅದಕ್ಕೇ ಅಣ್ಣನ್ನ ಕಳಿಸೋಣ ಅಂದಿದ್ದು" ಅನ್ನಬೇಡಿ. ಆ ಒಂದು ಮಾತು ಎಲ್ಲವನ್ನೂ ಹಾಳು ಮಾಡುತ್ತದೆ. "ಯಾವ ಕಾಗದ ಕೇಳಿದರು? ನಾಳೆ ಅದನ್ನ ತಗೊಂಡು ಹೋಗು" ಅನ್ನಿ. ನಾಳೆಯೂ ಅವಳೇ ಹೋಗಲಿ.

ಲೆಕ್ಕ ಬರದೆ ಕೂತಿದ್ದರೆ ಹತ್ತು ನಿಮಿಷ ಸುಮ್ಮನೆ ಬಿಡಿ. ನಮಗೆ ನೋಡಲು ಕಷ್ಟವಾಗುತ್ತದೆ, ಹೇಳಿಕೊಟ್ಟುಬಿಡುತ್ತೇವೆ. ಬಿಡಿಸಿದ ಮೇಲೆ "ಜಾಣೆ" ಅನ್ನುವ ಬದಲು "ಎಲ್ಲಿ ಸಿಕ್ಕಿಹಾಕಿಕೊಂಡಿದ್ದೆ, ಹೇಗೆ ಬಿಡಿಸಿದೆ" ಅಂತ ಕೇಳಿ. ಓದು ಬಾರದ ತಾಯಿಯೂ ಈ ಪ್ರಶ್ನೆ ಕೇಳಬಹುದು.

ಎಲ್ಲಕ್ಕಿಂತ ಮುಖ್ಯ, ಸೋಲುವ ಮೊದಲೇ ಮಾತು ಕೊಡಿ. ಇದನ್ನು ಅಪ್ಪ ಹೇಳಿದರೆ ತೂಕ ಜಾಸ್ತಿ, ಯಾಕೆಂದರೆ ಓದು ಬಿಡಿಸುವ ತೀರ್ಮಾನ ನಮ್ಮ ಕಡೆ ಹೆಚ್ಚಾಗಿ ಅಪ್ಪನದೇ. "ಈ ಸಲ ಆಗದಿದ್ದರೂ ಇನ್ನೊಂದು ಸಲ ಬರೆಸ್ತೀನಿ ಮಗಳೇ. ಇದಕ್ಕೋಸ್ಕರ ಮದುವೆ ಮಾತು ತೆಗೆಯಲ್ಲ." ಬಾಯಿ ಬಿಟ್ಟು ಹೇಳಬೇಕು. ಮನಸ್ಸಿನಲ್ಲಿ ಇದ್ದರೆ ಅವಳಿಗೆ ಹೇಗೆ ಗೊತ್ತಾಗಬೇಕು?

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹೇಳಲೇಬೇಕು. ಕಷ್ಟದ ಕೆಲಸ ಬೇರೆ, ಹಿಂಸೆ ಬೇರೆ. ಬಸ್ಸಿನಲ್ಲಿ ಯಾರೋ ಮೈಮುಟ್ಟಿದರೆ, ದಾರಿಯಲ್ಲಿ ಯಾರೋ ಹಿಂದೆ ಬಿದ್ದರೆ "ಧೈರ್ಯವಾಗಿ ಎದುರಿಸು" ಅಂತ ಅವಳ ತಲೆಗೆ ಕಟ್ಟುವುದು ಅನ್ಯಾಯ. ಅದನ್ನು ನಿಲ್ಲಿಸುವುದು ದೊಡ್ಡವರಾದ ನಮ್ಮ ಕೆಲಸ. 1098 ಮಕ್ಕಳ ಸಹಾಯವಾಣಿ, 112 ಪೊಲೀಸ್ ತುರ್ತು ನಂಬರ್, ಎರಡೂ ಅವಳಿಗೆ ಬಾಯಿಪಾಠ ಇರಲಿ, ಹೇಳಿದರೆ ಓದು ಬಿಡಿಸುವುದಿಲ್ಲ ಅನ್ನುವ ನಂಬಿಕೆಯೂ ಇರಲಿ. ಎಷ್ಟೋ ಹುಡುಗಿಯರು ಹೇಳದೇ ಇರುವುದು ಇದೇ ಭಯಕ್ಕೆ. ಹಾಗೆಯೇ, ಬೆಳಗ್ಗೆ ಐದಕ್ಕೆ ಎದ್ದು ನೀರು ತಂದು, ರೊಟ್ಟಿ ತಟ್ಟಿ, ತಮ್ಮನನ್ನು ರೆಡಿ ಮಾಡಿ ಶಾಲೆಗೆ ಓಡಿ ಬರುವ ಹುಡುಗಿಗೆ ಕಷ್ಟ ಸಹಿಸುವುದನ್ನು ನಾವ್ಯಾರೂ ಕಲಿಸಬೇಕಾಗಿಲ್ಲ. ಅವಳಿಗೆ ಬೇಕಾಗಿರುವುದು ತಾನೇ ಆರಿಸಿಕೊಂಡ ಒಂದು ಕಷ್ಟ, ಮತ್ತು ಅದಕ್ಕೆ ದಿನಕ್ಕೆ ಒಂದು ಗಂಟೆ ಬಿಡುವು. ಆ ಒಂದು ಗಂಟೆ ನೀರನ್ನು ಅಣ್ಣ ತರಲಿ.

ಇಲ್ಲಿಗೆ ನನ್ನ ಮಾತು ನಿಲ್ಲಿಸಿ ಪ್ರಶ್ನೆ ಕೇಳಿ ಅಂದೆ. ಒಬ್ಬ ತಾಯಿ ಎದ್ದರು. "ಎಲ್ಲಾ ಸರಿ ಮೇಡಂ, ನನ್ನ ಮಗಳು ಟೀಮಿಗೆ ಸೆಲೆಕ್ಟ್ ಆದಳು, ಆದರೆ ಒಂದು ಮ್ಯಾಚಿಗೂ ಇಳಿಸಲಿಲ್ಲ. ಆವತ್ತಿಂದ ಆಟಾನೇ ಬೇಡ ಅಂತಾಳೆ. ಏನು ಹೇಳಲಿ?"

ನಾನು ವಿಜಯಪುರದ ರಾಜೇಶ್ವರಿ ಗಾಯಕವಾಡ್ ವಿಷಯ ಹೇಳಿದೆ. 2017ರ ಮಹಿಳಾ ವಿಶ್ವಕಪ್ ಕ್ರಿಕೆಟ್ ಇಂಗ್ಲೆಂಡಿನಲ್ಲಿ ನಡೆಯಿತು. ರಾಜೇಶ್ವರಿ ತಂಡದಲ್ಲಿದ್ದರು, ಆದರೆ ಮೊದಲ ಆರು ಪಂದ್ಯಗಳಲ್ಲಿ ಆಡುವ ಹನ್ನೊಂದರಲ್ಲಿ ಇರಲಿಲ್ಲ. ಏಳನೆಯದು ಡರ್ಬಿಯಲ್ಲಿ, ನ್ಯೂಜಿಲೆಂಡ್ ವಿರುದ್ಧ. ಸೋತರೆ ಭಾರತ ಮನೆಗೆ, ಗೆದ್ದರೆ ಸೆಮಿಫೈನಲ್. ಆವತ್ತು ಇಳಿಸಿದರು. 15 ರನ್ ಕೊಟ್ಟು 5 ವಿಕೆಟ್ ತೆಗೆದರು. ನ್ಯೂಜಿಲೆಂಡ್ 79ಕ್ಕೆ ಆಲೌಟ್. ಆ ಆರು ಪಂದ್ಯ ಅವರು ಹೊರಗೆ ಕೂತಿದ್ದಾಗಲೂ ನೆಟ್ಸ್‌ನಲ್ಲಿ ಬೌಲಿಂಗ್ ಬಿಟ್ಟಿದ್ದರೆ ಏಳನೆಯದರಲ್ಲಿ ಆ ಚೆಂಡು ಹಾಗೆ ತಿರುಗುತ್ತಿತ್ತಾ? ಮಗಳಿಗೆ ಇದನ್ನು ಹೇಳಿ, ಆದರೆ ಇವತ್ತೇ ಹೇಳಬೇಡಿ. ಇವತ್ತು ಅಳುತ್ತಿದ್ದರೆ ಅಳಲಿ. ಅವಳಿಗೆ ನಿಜವಾಗಿ ಬೇಜಾರಾಗಿದೆ, ಅದನ್ನು ಒಪ್ಪಿಕೊಳ್ಳಿ, ಉಪದೇಶ ವಾರ ಬಿಟ್ಟು ಮಾಡಬಹುದು.

ಹಿಂದೆ ಕೂತಿದ್ದ ಕಾಲೇಜು ಹುಡುಗಿಯೊಬ್ಬಳು "ಮ್ಯಾಮ್, ಗೆದ್ದವರ ಕತೆಯೇ ಹೇಳ್ತೀರಲ್ಲ" ಅಂದಳು. ನ್ಯಾಯವಾದ ಮಾತು. ಬೆಂಗಳೂರಿನ ಗಾಲ್ಫ್ ಆಟಗಾರ್ತಿ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮೂರು ದಿನ ಎರಡನೇ ಸ್ಥಾನದಲ್ಲಿದ್ದರು, ನಾಲ್ಕನೇ ದಿನ ನಾಲ್ಕಕ್ಕೆ ಇಳಿದರು. ಒಂದೇ ಒಂದು ಹೊಡೆತದಲ್ಲಿ ಕಂಚು ತಪ್ಪಿತು. ಪದಕ ಬರಲಿಲ್ಲ. ಆ ಪದಕ ಮುಂದೆಯೂ ಬರುವುದಿಲ್ಲ. ಆದರೂ ಅವರು ಆಡುತ್ತಾ ಹೋದರು, 2023ರಲ್ಲಿ ಕೀನ್ಯಾದಲ್ಲಿ ಒಂದು ಟೂರ್ನಿ, ಸ್ಪೇನ್‌ನಲ್ಲಿ ಒಂದು ಟೂರ್ನಿ ಗೆದ್ದರು. ಗೆಲ್ಲದಿದ್ದರೂ ಆಡುತ್ತಿದ್ದರೋ ಏನೋ, ಅವರ ಆಟ ಅದು. ಅವರಿಗೊಂದು ಅನುಕೂಲ ಇತ್ತು ಅನ್ನುವುದನ್ನೂ ಹೇಳಬೇಕು. ಟೋಕಿಯೊದಲ್ಲಿ ಅವರ ಗಾಲ್ಫ್ ಬ್ಯಾಗ್ ಹೊತ್ತು ಜೊತೆಗೆ ನಡೆದದ್ದು ಅವರ ಅಮ್ಮ, ಅದಕ್ಕೂ ಮೊದಲು ರಿಯೊದಲ್ಲಿ ಅಪ್ಪ. ಸೋತ ದಿನ ಜೊತೆಗೆ ಇದ್ದವರು ಅವರು.

ಕೊನೆಯ ಪ್ರಶ್ನೆ ಒಬ್ಬ ಅಪ್ಪನದು. "ನನ್ನ ಮಗಳು ಗಣಿತದಲ್ಲಿ ವೀಕು. ಈ ಸಲ ಹತ್ತನೇ ಕ್ಲಾಸು. ಫೇಲಾದರೆ ಏನು ಮಾಡಲಿ, ಹೇಳಿ."

ಹೇಳಿದೆ. 2024ರಿಂದ ಪೂರಕ ಪರೀಕ್ಷೆ ಅನ್ನುವ ಹೆಸರೇ ಹೋಗಿದೆ, ಪರೀಕ್ಷೆ-1, ಪರೀಕ್ಷೆ-2 ಅಂತ ಬಂದಿದೆ. ಒಂದರಲ್ಲಿ ಆಗದಿದ್ದರೆ ಅದೇ ವರ್ಷ ಇನ್ನೊಂದರಲ್ಲಿ ಬರೆಯಬಹುದು, ವರ್ಷ ಹಾಳಾಗುವುದಿಲ್ಲ. ಇದನ್ನು ಫಲಿತಾಂಶ ಬಂದ ಮೇಲೆ ಹೇಳಬೇಡಿ, ಇವತ್ತು ರಾತ್ರಿ ಊಟಕ್ಕೆ ಕೂತಾಗ ಹೇಳಿ. ಫಲಿತಾಂಶದ ದಿನ ಫೋನ್ ಮಾಡಿ ಎಷ್ಟು ಬಂತು ಅಂತ ಕೇಳುವ ನೆಂಟರಿಗೆ ನೀವೇ ಉತ್ತರ ಕೊಡಿ, ಅವಳ ಕೈಗೆ ಫೋನ್ ಕೊಡಬೇಡಿ. ಮಾರನೆಯ ದಿನ ಅವಳನ್ನು ಕರೆದುಕೊಂಡು ಶಾಲೆಗೆ ಬನ್ನಿ. ಹೆಸರು ನೋಂದಾಯಿಸುವುದು ಶಾಲೆಯಲ್ಲೇ. ಗಣಿತದ ಮೇಷ್ಟ್ರನ್ನೂ ಕಂಡು ಯಾವ ಪಾಠದಿಂದ ಶುರು ಮಾಡಬೇಕು ಅಂತ ಅವಳೇ ಕೇಳಲಿ, ನೀವು ಪಕ್ಕದಲ್ಲಿ ನಿಂತಿರಿ.